ವರ್ತನಾವಾದ ಹಳತಾಯಿತು ಅಂತಾರೆ, ಮತ್ತೆ ಅದನ್ನು ಯಾಕೆ ಓದಬೇಕು?

ಪ್ರಶ್ನೆ: ಕಲಿಕೆಯ ಸಿದ್ಧಾಂತ ಅಂದ ಕೂಡಲೇ ಪಾವ್ಲೊವ್‌ನ ನಾಯಿ, ಸ್ಕಿನ್ನರ್‌ನ ಇಲಿಯಿಂದ ಪಾಠ ಶುರುವಾಗುತ್ತದೆ. ಎರಡು ಅಧ್ಯಾಯ ದಾಟುವಷ್ಟರಲ್ಲಿ ‘ವರ್ತನಾವಾದವನ್ನು ಈಗ ಕೈಬಿಡಲಾಗಿದೆ’ ಅಂತ ಬರೆದಿರುತ್ತಾರೆ. ಕೈಬಿಟ್ಟ ಮೇಲೆ ಅದನ್ನು ಓದಿ ಏನು ಪ್ರಯೋಜನ?

ಉತ್ತರ: ಮನೋವಿಜ್ಞಾನ ಓದುವ ಹೆಚ್ಚು ಕಡಿಮೆ ಎಲ್ಲರೂ ಒಂದಲ್ಲ ಒಂದು ಸಲ ಇದನ್ನು ಕೇಳುತ್ತಾರೆ. ವರ್ತನಾವಾದಿಗಳು ಎರಡು ಮಾತು ಹೇಳಿದ್ದರು. ಒಂದು, ನಮ್ಮ ವರ್ತನೆ ಅದರಿಂದ ಸಿಗುವ ಫಲಕ್ಕೆ, ಸುತ್ತಲಿನ ಸಂದರ್ಭಕ್ಕೆ ತಕ್ಕಂತೆ ಬದಲಾಗುತ್ತದೆ. ಇನ್ನೊಂದು, ಮನುಷ್ಯನನ್ನು ಅರ್ಥ ಮಾಡಿಕೊಳ್ಳಲು ಇಷ್ಟೇ ಸಾಕು. ಎರಡನೆಯದು ಬಿದ್ದುಹೋಯಿತು. ಮೊದಲನೆಯದು ಇವತ್ತಿಗೂ ಗಟ್ಟಿಯಾಗಿ ನಿಂತಿದೆ. ಪುಸ್ತಕಗಳು ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಎಸೆಯುವುದರಿಂದಲೇ ಈ ಗೊಂದಲ.

ಆ ಎರಡನೇ ಮಾತಿನ ಹಟ ಎಲ್ಲಿಂದ ಬಂತು? 1879ರಲ್ಲಿ ವಿಲ್‌ಹೆಲ್ಮ್ ವುಂಟ್ ಲೈಪ್‌ಜಿಗ್‌ನಲ್ಲಿ ಪ್ರಯೋಗಾಲಯ ತೆರೆದ ಮೇಲೆ, ಮನಸ್ಸಿನ ಅಧ್ಯಯನಕ್ಕೆ ಅಂತರಾವಲೋಕನ ಮುಖ್ಯ ದಾರಿಯಾಗಿತ್ತು. ಬೆಳಕು ತೋರಿಸಿ, ಸದ್ದು ಕೇಳಿಸಿ, ‘ಒಳಗೆ ಏನನಿಸಿತು ಹೇಳಿ’ ಅಂತ ಕೇಳುವುದು. ಒಂದು ಪ್ರಯೋಗಾಲಯದವರು ಒಂದು ಹೇಳಿ, ಇನ್ನೊಂದು ಕಡೆಯವರು ಬೇರೆ ಹೇಳಿದರೆ? ಯಾರದ್ದು ಸರಿ ಅಂತ ನೋಡಲು ದಾರಿಯೇ ಇರಲಿಲ್ಲ. ಜಾನ್ ವಾಟ್ಸನ್ ಇದಕ್ಕೆ ರೋಸಿಹೋಗಿ 1913ರಲ್ಲಿ ನೇರವಾಗಿ ಬರೆದರು: ಪ್ರಜ್ಞೆಯ ಮಾತು ಬಿಡಿ, ಕಣ್ಣಿಗೆ ಕಾಣುವ ವರ್ತನೆಯನ್ನು ಅಳೆಯಿರಿ. ಆಗಿನ ಪರಿಸ್ಥಿತಿಯಲ್ಲಿ ಅದು ತಕ್ಕ ಮದ್ದೇ ಆಗಿತ್ತು ಅನ್ನಬೇಕು.

ವರ್ತನೆಯನ್ನು ಅಳೆಯುವ ದಾರಿ ಆಗಲೇ ಕೆಲವರು ತೋರಿಸಿದ್ದರು. ಒಂದು ಸದ್ದಿನ ಜೊತೆ ಮತ್ತೆ ಮತ್ತೆ ಆಹಾರ ಕೊಟ್ಟರೆ, ಆಮೇಲೆ ಬರೀ ಸದ್ದಿಗೇ ನಾಯಿ ಜೊಲ್ಲು ಸುರಿಸುತ್ತದೆ ಎಂದು ಪಾವ್ಲೊವ್ ತೋರಿಸಿದರು. ಅವರು ಮನೋವಿಜ್ಞಾನಿ ಆಗಿರಲಿಲ್ಲ, 1904ರ ನೊಬೆಲ್ ಬಂದಿದ್ದು ಜೀರ್ಣಕ್ರಿಯೆಯ ಕೆಲಸಕ್ಕೆ. ಥಾರ್ನ್‌ಡೈಕ್ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು, ತೃಪ್ತಿ ಕೊಟ್ಟ ಕೆಲಸವೇ ಮತ್ತೆ ಮತ್ತೆ ನಡೆಯುತ್ತದೆ ಎಂದು ತೋರಿಸಿದರು. ಸನ್ನೆ ಒತ್ತಿದರೆ ಇಲಿಗೆ ಆಹಾರ ಸಿಗುವಂಥ ಪೆಟ್ಟಿಗೆ ಮಾಡಿ, ಇದನ್ನೆಲ್ಲ ಪೂರ್ತಿ ವ್ಯವಸ್ಥೆಯಾಗಿ ಬೆಳೆಸಿದ್ದು ಸ್ಕಿನ್ನರ್. ಅವರ ಬಗ್ಗೆ ಎರಡು ತಪ್ಪು ತಿಳಿವಳಿಕೆ ತುಂಬಾ ಹರಡಿದೆ. ಮೊದಲನೆಯದು, ಅವರು ಯೋಚನೆ, ಭಾವನೆ ಇಲ್ಲವೇ ಇಲ್ಲ ಅಂದರು ಅನ್ನುವುದು. ಅವರು ಹಾಗೆ ಹೇಳಿಲ್ಲ. ‘ಕೋಪ ಬಂತು, ಅದಕ್ಕೇ ಹೊಡೆದ’ ಅಂದರೆ ವಿವರಣೆ ಮುಗಿಯಲಿಲ್ಲ, ಆ ಕೋಪ ಯಾಕೆ ಬಂತು ಅಂತಲೂ ಹೇಳಬೇಕು ಅನ್ನುವುದು ಅವರ ವಾದ. ಎರಡನೆಯದು, ಋಣಾತ್ಮಕ ಪುನರ್ಬಲನ ಅಂದರೆ ಶಿಕ್ಷೆ ಅನ್ನುವುದು. ಪುನರ್ಬಲನ (ರೀಇನ್‌ಫೋರ್ಸ್‌ಮೆಂಟ್) ಅಂದರೆ ಒಂದು ವರ್ತನೆಯನ್ನು ಬಲಪಡಿಸುವ ಫಲ. ಪರೀಕ್ಷೆಯಲ್ಲಿ ಅಂಕ ಕಳೆಯುವುದು ಇಲ್ಲೇ ಜಾಸ್ತಿ. ಕಾರಿನಲ್ಲಿ ಬೆಲ್ಟ್ ಹಾಕುವ ತನಕ ಬೀಪ್ ಬೀಪ್ ಅಂತ ಕಿರಿಕಿರಿ ಆಗುತ್ತದೆ, ಹಾಕಿದ ಕೂಡಲೇ ನಿಲ್ಲುತ್ತದೆ ಅಲ್ವಾ? ಕಿರಿಕಿರಿ ಹೋಯಿತು, ಬೆಲ್ಟ್ ಹಾಕುವ ಅಭ್ಯಾಸ ಬಲವಾಯಿತು. ಅದು ಋಣಾತ್ಮಕ ಪುನರ್ಬಲನ. ಶಿಕ್ಷೆ ವರ್ತನೆಯನ್ನು ಕಡಿಮೆ ಮಾಡುತ್ತದೆ, ಇದು ಹೆಚ್ಚಿಸುತ್ತದೆ.

ಇನ್ನು ‘ಇಷ್ಟೇ ಸಾಕು’ ಅನ್ನುವ ಮಾತು ಹೇಗೆ ಬಿತ್ತು ನೋಡೋಣ. ಭಾಷಾವಿಜ್ಞಾನಿ ಚಾಮ್‌ಸ್ಕಿ 1959ರಲ್ಲಿ ಸ್ಕಿನ್ನರ್ ಅವರ ಭಾಷೆಯ ಪುಸ್ತಕಕ್ಕೆ ಬರೆದ ಕಟು ವಿಮರ್ಶೆಯಿಂದ ಎಲ್ಲ ಮುಗಿಯಿತು ಅಂತ ಸಾಮಾನ್ಯವಾಗಿ ಕಥೆ ಹೇಳುತ್ತಾರೆ. ನನಗೆ ಅದಕ್ಕಿಂತ ಕುತೂಹಲ ಅನಿಸುವುದು ಇಲಿ ಮತ್ತು ರಕೂನ್‌ಗಳ (ಅಮೆರಿಕದ ಒಂದು ಸಣ್ಣ ಕಾಡುಪ್ರಾಣಿ) ಸಾಕ್ಷಿ. ಏಕೆಂದರೆ ಅದು ವರ್ತನಾವಾದದ ಮನೆಯೊಳಗಿಂದಲೇ ಬಂದಿದ್ದು.

ಟೋಲ್ಮನ್ ಕೂಡ ವರ್ತನಾವಾದಿಯೇ. ಅವರು ಮತ್ತು ಹಾನ್ಜಿಕ್ 1930ರಲ್ಲಿ ಮೂರು ಗುಂಪು ಇಲಿಗಳನ್ನು ಸುತ್ತುದಾರಿಯಲ್ಲಿ ಬಿಟ್ಟರು. ಒಂದು ಗುಂಪಿಗೆ ಕೊನೆಯಲ್ಲಿ ದಿನವೂ ಆಹಾರ. ಇನ್ನೊಂದಕ್ಕೆ ಏನೂ ಇಲ್ಲ. ಮೂರನೆಯದಕ್ಕೆ ಮೊದಲ ಹತ್ತು ದಿನ ಏನೂ ಇಲ್ಲ, 11ನೇ ದಿನದಿಂದ ಆಹಾರ. ಕಲಿಕೆಗೆ ಪುನರ್ಬಲನ ಬೇಕೇ ಬೇಕು ಅನ್ನುವುದಾದರೆ ಮೂರನೇ ಗುಂಪು 11ನೇ ದಿನದಿಂದ ನಿಧಾನವಾಗಿ ಕಲಿಯಬೇಕಿತ್ತು. ಆದದ್ದೇ ಬೇರೆ. ಮರುದಿನವೇ ಅವುಗಳ ತಪ್ಪು ಸರ್ರನೆ ಇಳಿದು, ಮೊದಲಿನಿಂದ ಆಹಾರ ಪಡೆದ ಇಲಿಗಳಿಗೆ ಸರಿಸಮ ಬಂತು. ಅಂದರೆ ಸುಮ್ನೆ ಅಡ್ಡಾಡುವಾಗಲೇ ದಾರಿ ಕಲಿತುಬಿಟ್ಟಿದ್ದವು, ತೋರಿಸಲು ಕಾರಣ ಇರಲಿಲ್ಲ ಅಷ್ಟೆ. ಕಲಿತಿದ್ದು ಬೇರೆ, ಮಾಡಿ ತೋರಿಸಿದ್ದು ಬೇರೆ ಅಂದ ಮೇಲೆ ತಲೆಯೊಳಗೆ ಏನೋ ಉಳಿದಿದೆ ಅಂತ ಒಪ್ಪಲೇಬೇಕು.

ರಕೂನ್ ಕಥೆ ಇನ್ನೂ ತಮಾಷೆಯದು. ಕೆಲರ್ ಮತ್ತು ಮೇರಿಯನ್ ಬ್ರೆಲ್ಯಾಂಡ್ ದಂಪತಿ ಸ್ಕಿನ್ನರ್ ಶಿಷ್ಯರು, ಪ್ರಾಣಿಗಳನ್ನು ಪಳಗಿಸುವುದೇ ಅವರ ಉದ್ಯೋಗ. ನಾಣ್ಯವನ್ನು ಡಬ್ಬಿಗೆ ಹಾಕಿದರೆ ತಿಂಡಿ ಅಂತ ಒಂದು ರಕೂನ್‌ಗೆ ಕಲಿಸಿದರು. ಒಂದು ನಾಣ್ಯ ಇದ್ದಾಗ ಹೇಗೋ ನಡೆಯಿತು. ಎರಡು ಕೊಟ್ಟರೆ ಅದು ಎರಡನ್ನೂ ಒಂದಕ್ಕೊಂದು ಉಜ್ಜುತ್ತ ಕೂತಿತು. ಡಬ್ಬಿಗೆ ಅದ್ದುವುದು, ತೆಗೆಯುವುದು, ಮತ್ತೆ ಉಜ್ಜುವುದು, ಕೈ ಮಾತ್ರ ಬಿಡಲೊಲ್ಲದು. ತಿಂಡಿ ತಡವಾಯಿತು, ಆದರೂ ಉಜ್ಜಾಟ ದಿನದಿಂದ ದಿನಕ್ಕೆ ಹೆಚ್ಚಿತು. ಆಹಾರವನ್ನು ಉಜ್ಜಿ ತೊಳೆಯುವುದು ಆ ಪ್ರಾಣಿಯ ಹುಟ್ಟುಗುಣ. 1961ರಲ್ಲಿ ಬ್ರೆಲ್ಯಾಂಡ್ ದಂಪತಿ ಇದನ್ನು ಪ್ರಕಟಿಸಿದರು. ಯಾವ ಪ್ರಾಣಿಗೆ ಯಾವ ವರ್ತನೆಯನ್ನಾದರೂ ಪುನರ್ಬಲನದಿಂದ ಕಲಿಸಬಹುದು ಅನ್ನುವ ನಂಬಿಕೆಗೆ ಇದು ದೊಡ್ಡ ಪೆಟ್ಟು.

ಹಾಗಾದರೆ ಉಳಿದಿದ್ದು ಏನು? ಸಾಕಷ್ಟಿದೆ. ಮೇರಿ ಕವರ್ ಜೋನ್ಸ್ 1924ರಲ್ಲಿ ಪೀಟರ್ ಎಂಬ ಹುಡುಗ ಇಷ್ಟದ ತಿಂಡಿ ತಿನ್ನುತ್ತಿರುವಾಗ ಮೊಲವನ್ನು ಸ್ವಲ್ಪಸ್ವಲ್ಪವೇ ಹತ್ತಿರ ತಂದು ಅವನ ಭಯ ಬಿಡಿಸಿದರು. ಇವತ್ತು ವಿಪರೀತ ಭಯಗಳಿಗೆ ಕೊಡುವ ಚಿಕಿತ್ಸೆಯ ಬೇರು ಅಲ್ಲಿದೆ. ಪಾವ್ಲೊವ್‌ನ ದಾರಿಯೂ ನಿಲ್ಲಲಿಲ್ಲ. ಎರಡು ಸಂಗತಿ ಜೊತೆಗೆ ಬಂದರಷ್ಟೇ ಸಾಲದು, ಅಂದುಕೊಂಡದ್ದಕ್ಕೂ ಆದದ್ದಕ್ಕೂ ವ್ಯತ್ಯಾಸ ಇದ್ದಾಗಲೇ ಕಲಿಕೆ ಆಗುತ್ತದೆ ಎಂದು 1972ರಲ್ಲಿ ರೆಸ್ಕೋರ್ಲಾ ಮತ್ತು ವ್ಯಾಗ್ನರ್ ಸೂತ್ರ ಬರೆದರು. ಅದೇ ಬಗೆಯ ಲೆಕ್ಕಾಚಾರ ಮಂಗಗಳ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಿಡುವ ಕೋಶಗಳಲ್ಲಿ ಕಾಣುತ್ತದೆ ಎಂದು 1997ರಲ್ಲಿ ಷುಲ್ಟ್ಸ್, ಡಯಾನ್, ಮಾಂಟೆಗ್ಯೂ ತೋರಿಸಿದರು. ಹಣ್ಣಿನ ರಸ ದಿಢೀರನೆ ಸಿಕ್ಕರೆ ಕೋಶಗಳು ಚುರುಕಾಗುತ್ತವೆ. ನಿರೀಕ್ಷಿಸಿದ ರಸ ಬರದಿದ್ದರೆ ಮಂಕಾಗುತ್ತವೆ. ಕಂಪ್ಯೂಟರ್‌ಗೆ ಆಟ ಕಲಿಸುವ ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್ ಕೂಡ ಇದೇ ಬಳಗದ್ದು. ಅದಕ್ಕೆ ಬುನಾದಿ ಹಾಕಿದ ಬಾರ್ಟೊ, ಸಟನ್ ಅವರಿಗೆ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ (2024) ಬಂತು. ‘ಕೈಬಿಟ್ಟ’ ವಾದಕ್ಕೆ ಇದು ಕಡಿಮೆ ಸಂಪಾದನೆ ಏನಲ್ಲ!

ಹಾಗಾಗಿ ಕಲಿಕೆಯ ಸಿದ್ಧಾಂತಗಳನ್ನು ಮೆಟ್ಟಿಲಿನ ಹಾಗೆ ಓದಬೇಡಿ, ಮೇಲಿನದು ಬಂದರೆ ಕೆಳಗಿನದು ಬೇಡ ಅಂತಲ್ಲ. ನೆನಪು, ಗಮನ ಹೇಗೆ ಕೆಲಸ ಮಾಡುತ್ತವೆ ಅಂತ ಕೇಳಿದರೆ ಸಂಜ್ಞಾನಾತ್ಮಕ ಸಿದ್ಧಾಂತಕ್ಕೆ ಹೋಗಿ. ಮಗು ತನ್ನ ತಿಳಿವಳಿಕೆಯನ್ನು ತಾನೇ ಹೇಗೆ ಕಟ್ಟಿಕೊಳ್ಳುತ್ತದೆ ಅಂತಾದರೆ ಪಿಯಾಜೆ, ವೈಗೋಟ್‌ಸ್ಕಿ. ಒಂದು ಅಭ್ಯಾಸ ಯಾಕೆ ಬಿಡದೆ ಮುಂದುವರಿಯುತ್ತದೆ, ಹೇಗೆ ಬದಲಿಸುವುದು ಅಂತಾದರೆ ವರ್ತನಾವಾದದಷ್ಟು ಉಪಯೋಗಕ್ಕೆ ಬರುವುದು ಬೇರೆ ಕಡಿಮೆ.

ಬಹುಮಾನ ಕೊಡಬೇಕಾ ಬೇಡ್ವಾ ಅಂತ ಶಿಕ್ಷಕರು ಕೇಳಿದಾಗಲೂ ಹೀಗೆ ಬಿಡಿಸಿ ನೋಡಬೇಕು. ಲೆಪ್ಪರ್, ಗ್ರೀನ್, ನಿಸ್ಬೆಟ್ 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿತ್ರ ಬಿಡಿಸಿದರೆ ಪ್ರಶಸ್ತಿ ಪತ್ರ ಕೊಡುತ್ತೇವೆ ಎಂದು ಮೊದಲೇ ಆಸೆ ತೋರಿಸಿದ ಮಕ್ಕಳು ಆಮೇಲೆ ಬಿಡುವಿನಲ್ಲಿ ಚಿತ್ರ ಬಿಡಿಸುವ ಪೆನ್ನು ಹಿಡಿದಿದ್ದು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ. ಹೇಳದೆ ಕೊಟ್ಟ ಗುಂಪಿನಲ್ಲಿ ಹಾಗಾಗಲಿಲ್ಲ. ಇದನ್ನು ತೋರಿಸಿ ‘ಬಹುಮಾನವೇ ಕೆಟ್ಟದ್ದು’ ಅನ್ನುವವರಿದ್ದಾರೆ. ಅವರು ಒಂದು ಸಣ್ಣ ವಿಷಯ ಬಿಟ್ಟುಬಿಡುತ್ತಾರೆ: ಆ ಪ್ರಯೋಗಕ್ಕೆ ಆರಿಸಿದ್ದು ಮೊದಲೇ ಚಿತ್ರ ಬಿಡಿಸುವುದು ಇಷ್ಟ ಇದ್ದ ಮಕ್ಕಳನ್ನು. ಪುಸ್ತಕ ಮುಟ್ಟಲೂ ಒಲ್ಲದ ಮಗುವಿನ ವಿಷಯದಲ್ಲಿ ಈ ಪ್ರಯೋಗ ಏನೂ ಹೇಳುವುದಿಲ್ಲ.