ಕಡಲಾಮೆಯ ಫೋಟೊ: ಮೊದಲು ಕೆನ್ನೆ, ಆಮೇಲೆ ಚಿಪ್ಪು

ನಾವೆಲ್ಲ ಬೆಂಗಳೂರಿನವರು. ಸ್ಕೂಬಾ ಕಲಿತದ್ದು ಈಜುಕೊಳದ ಕ್ಲೋರಿನ್ ನೀರಿನಲ್ಲಿ. ಕಡಲು ಬೇಕೆಂದರೆ ರಾತ್ರಿ ಬಸ್ಸು ಹತ್ತಿ ಮುರುಡೇಶ್ವರ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪ. ಕಳೆದ ಸಲ ನಾನು ಆಮೆಯದೇ 14 ಫೋಟೊ ತಂದೆ. 13ರಲ್ಲಿ ಬರೀ ಬೆನ್ನು, ಬಾಲ. ಯಾವ ಜಾತಿ ಎಂದು ಕೇಳಿದರೆ ತಲೆ ಕೆರೆದುಕೊಂಡೆ. ನಿಮಗೆ ಹಾಗಾಗಬಾರದು ಎಂದು ಈ ಟಿಪ್ಪಣಿ.

ಭಾರತದ ಕಡಲಲ್ಲಿ 5 ಜಾತಿಯ ಕಡಲಾಮೆಗಳಿವೆ: ಆಲಿವ್ ರಿಡ್ಲೆ, ಹಸಿರು ಆಮೆ, ಹಾಕ್ಸ್‌ಬಿಲ್, ಲಾಗರ್‌ಹೆಡ್, ಲೆದರ್‌ಬ್ಯಾಕ್. ನಮ್ಮ ಕರಾವಳಿಯ ಮರಳಿಗೆ ಮೊಟ್ಟೆಯಿಡಲು ಬರುವುದು ಹೆಚ್ಚಾಗಿ ಆಲಿವ್ ರಿಡ್ಲೆ. ಆದರೆ ಬಂಡೆ, ಹವಳದ ನಡುವೆ ಡೈವ್ ಮಾಡುವವರಿಗೆ ಸಿಗುವುದು ಜಾಸ್ತಿ ಹಸಿರು ಆಮೆ, ಇಲ್ಲವೇ ಹಾಕ್ಸ್‌ಬಿಲ್. ಸದ್ಯಕ್ಕೆ ಇವೆರಡನ್ನೇ ಕಲಿಯಿರಿ.

ಚಿಪ್ಪಿನ ಬಿಲ್ಲೆಗಳನ್ನು ನೋಡಿ. ಹಾಕ್ಸ್‌ಬಿಲ್‌ನವು ಮಂಗಳೂರು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಹಸಿರು ಆಮೆಯವು ನೆಲದ ಟೈಲ್ಸ್ ಹಾಗೆ ಅಂಚಿಗೆ ಅಂಚು. ಬಣ್ಣ ನಂಬಬೇಡಿ. ಹಸಿರು ಆಮೆಗೆ ಆ ಹೆಸರು ಬಂದದ್ದು ಒಳಗಿನ ಹಸಿರು ಕೊಬ್ಬಿನಿಂದ. ಚಿಪ್ಪು ಕಂದು ಬಣ್ಣಕ್ಕೂ ಇರುತ್ತದೆ!

ವಯಸ್ಸಾದ ಹಾಕ್ಸ್‌ಬಿಲ್‌ನ ಚಿಪ್ಪಿನಲ್ಲಿ ಈ ಹೆಂಚಿನ ಗುರುತು ಮಾಸಿರಬಹುದು. ಆಗ ಮುಖವೇ ಗತಿ. ಎರಡು ಕಣ್ಣುಗಳ ನಡುವೆ ಮೂಗಿನ ಮೇಲೆ ಒಂದು ಜೊತೆ ಉದ್ದ ಬಿಲ್ಲೆ ಇದ್ದರೆ ಹಸಿರು ಆಮೆ. ಎರಡು ಜೊತೆ ಇದ್ದರೆ ಹಾಕ್ಸ್‌ಬಿಲ್. ಅದರ ಮೂತಿಯೂ ಗಿಡುಗದ ಕೊಕ್ಕಿನಂತೆ ಚೂಪು. ಬಂಡೆಯ ಸಂದಿಯಿಂದ ಸ್ಪಂಜು ಎಂಬ ಕಡಲಜೀವಿಯನ್ನು ಕಿತ್ತು ತಿನ್ನಲು ಅದು ಬೇಕಲ್ವಾ?

ಕೆನ್ನೆಯ ಬಿಲ್ಲೆಗಳ ವಿನ್ಯಾಸ ಒಂದೊಂದು ಆಮೆಗೂ ಬೇರೆ, ನಮ್ಮ ಹೆಬ್ಬೆಟ್ಟಿನ ಹಾಗೆ. ಎಡಗೆನ್ನೆ ಬಲಗೆನ್ನೆಯಂತಿರುವುದಿಲ್ಲ. ಆದ್ದರಿಂದ ಎರಡೂ ಕಡೆಯ ಫೋಟೊ ಬೇಕು. ಅದೇ ಆಮೆ ಮತ್ತೆ ಬಂತೇ ಎಂದು ಸಂಶೋಧಕರು ಪತ್ತೆ ಹಚ್ಚುವುದು ಇಂಥ ಫೋಟೊಗಳಿಂದಲೇ.

ಎರಡನೇ ಕೆನ್ನೆ ಬೇಕೆಂದು ಆಮೆಯ ಹಿಂದೆ ಓಡಬೇಡಿ. ನನ್ನ 13 ಬೆನ್ನುಗಳ ಕಥೆ ಅದೇ. ಪಕ್ಕದಲ್ಲಿ, ಸುಮಾರು 3 ಮೀಟರ್ ದೂರದಲ್ಲಿ ಸುಮ್ನೆ ನಿಲ್ಲಿ. ನೀರಿನಲ್ಲಿ ಎಲ್ಲವೂ ಹತ್ತಿರ ಕಾಣುತ್ತದೆ. 2 ಮೀಟರ್ ಇದ್ದಂತೆ ಅನಿಸಿದ್ದು ನಿಜಕ್ಕೂ ಹೆಚ್ಚುಕಡಿಮೆ 2.7 ಮೀಟರ್. ಆಮೆ ಮೇಲೇಳುತ್ತಿದ್ದರೆ ದಾರಿ ಬಿಡಿ. ಅದು ಉಸಿರಿಗಾಗಿ ಹೋಗುತ್ತಿದೆ. ಫ್ಲಾಶ್ ಬೇಡ. ಆಳಕ್ಕೆ ಹೋದಂತೆ ಮೊದಲು ಮಾಯವಾಗುವುದು ಕೆಂಪು. ಫೋಟೊ ನೀಲಿಯಾಗಿ ಬಂದರೆ ಬರಲಿ, ಬಿಲ್ಲೆ ಎಣಿಸಲು ಅಡ್ಡಿಯಿಲ್ಲ.

ಇನ್ನೊಂದು ಮಾತು. ಕೈ ಅಲುಗಬಾರದೆಂದು ಉಸಿರು ಬಿಗಿ ಹಿಡಿಯಲೇಬೇಡಿ. ಉಸಿರು ಕಟ್ಟುವುದು ಆಮೆಯ ಕೆಲಸ. ಸಿಲಿಂಡರ್ ಹೊತ್ತ ನಾವು ಹಾಗೇ ಮೇಲೇರಿದರೆ ಶ್ವಾಸಕೋಶಕ್ಕೇ ಅಪಾಯ. ನೀರಿನಲ್ಲಿ ಒಂದೇ ಮಟ್ಟದಲ್ಲಿ ತೇಲಲು ಬಾರದವರು ಕ್ಯಾಮೆರಾ ದೋಣಿಯಲ್ಲೇ ಬಿಡಿ.

ಹೊರಡುವ ಮುಂಚೆ ಕೊಳದಲ್ಲೇ ಅಭ್ಯಾಸ ಮಾಡಿ. ಜೊತೆಗಾರ ಆಮೆ, ನೀವು ಫೋಟೊಗ್ರಾಫರ್. ಅವನು ತಿರುಗುವವರೆಗೆ ಕಾಯಿರಿ. ನನ್ನ ಆಮೆ ಆ ದಿನ 4 ನಿಮಿಷ ತಿರುಗಲೇ ಇಲ್ಲ, ಬೇಕಂತಲೇ.