ಸಕ್ಕರೆ ಕೂಡಿದರೇ ಔಷಧಿ

ಮಂಡ್ಯದಲ್ಲಿ ಡಯಾಲಿಸಿಸ್ ಮುಗಿಸಿ ಬರುವಾಗ ದೊಡ್ಡಪ್ಪ ಕೇಳಿದರು: "ರಕ್ತ ಏರಲಿ ಅಂತ ಹಾಕ್ತಾರಲ್ಲ, ಆ ಇಂಜೆಕ್ಷನ್ನ ಯಾವುದರಲ್ಲಿ ಮಾಡ್ತಾರೆ ಮಗ?" ಕಬ್ಬು ಬೆಳೆದು, ಆಲೆಮನೆ ನಡೆಸಿದವರು ಅವರು. ಅದರಲ್ಲೂ ಸಕ್ಕರೆ ಇದೆ ದೊಡ್ಡಪ್ಪ ಅಂದೆ. ನಂಬಲಿಲ್ಲ.

ಆ ಔಷಧಿ ಎರಿಥ್ರೊಪೊಯೆಟಿನ್, ಆಸ್ಪತ್ರೆಯವರ ಬಾಯಲ್ಲಿ 'ಎಪೊ'. ಕೆಂಪು ರಕ್ತಕಣ ಮಾಡು ಎಂದು ಮೂಳೆಮಜ್ಜೆಗೆ ಮೂತ್ರಪಿಂಡ ಹೇಳಿಕಳಿಸುವ ಪ್ರೋಟೀನು. ಮೂತ್ರಪಿಂಡ ಸೋತರೆ ಹೇಳುವವರೇ ಇಲ್ಲ, ರಕ್ತ ಕುಸಿಯುತ್ತದೆ.

ಮನುಷ್ಯರಿಂದಲೇ ತೆಗೆಯೋಣವೆಂದರೆ ಅದೆಷ್ಟು ಕಷ್ಟ! ತೀವ್ರ ರಕ್ತಹೀನತೆ ಇರುವವರ ಮೂತ್ರದಲ್ಲಿ ಎಪೊ ಹೆಚ್ಚಿರುತ್ತದೆ. ಜಪಾನಿನ ಅಂಥ ರೋಗಿಗಳ 2,550 ಲೀಟರ್ ಮೂತ್ರವನ್ನು ವಿಜ್ಞಾನಿ ತಕಾಜಿ ಮಿಯಾಕೆ ಕೂಡಿಟ್ಟು, ಇನ್ನೊಬ್ಬ ವಿಜ್ಞಾನಿ ಯೂಜೀನ್ ಗೋಲ್ಡ್‌ವಾಸರ್ ಜೊತೆ ಸೇರಿ ಅದರಿಂದ ಎಪೊವನ್ನು ಶುದ್ಧೀಕರಿಸಿ ತೆಗೆದರು. 1977ರಲ್ಲಿ ಅವರು ಪ್ರಕಟಿಸಿದ ಆ ಕೆಲಸದಲ್ಲಿ ಕೈಗೆ ಬಂದದ್ದು ಹತ್ತು ಮಿಲಿಗ್ರಾಂ ಆಸುಪಾಸು. ಅಷ್ಟು ಚೂರಿನ ಹಿಂದೆ ಹೋಗಿಯೇ ಮುಂದೆ ಅದರ ಜೀನ್, ಅಂದರೆ ಅದನ್ನು ತಯಾರಿಸಲು ಕೋಶಕ್ಕೆ ಬೇಕಾದ ಸೂಚನೆ, ಸಿಕ್ಕಿತು ಎನ್ನುವುದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಜೀನ್ ಸಿಕ್ಕಿತಲ್ಲ, ಬ್ಯಾಕ್ಟೀರಿಯಾದೊಳಗೆ ಇಟ್ಟರಾಯಿತು ಅನ್ನಿಸಬಹುದು. ಇನ್ಸುಲಿನ್ ಹಾಗೆಯೇ ತಯಾರಾಗಿ 1982ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದಿತ್ತು. ಎಪೊಗೆ ಅದು ಸಾಲದು. 165 ಅಮೈನೊ ಆಮ್ಲಗಳ ಈ ಪ್ರೋಟೀನಿಗೆ ನಾಲ್ಕು ಕಡೆ ಸಕ್ಕರೆಯ ಸರಗಳು ಅಂಟಿರುತ್ತವೆ. ತೂಕದಲ್ಲಿ ಸುಮಾರು ಶೇ. 40 ಸಕ್ಕರೆಯೇ. ನಮ್ಮ ಕಬ್ಬಿನ ಸಕ್ಕರೆಯಲ್ಲ, ಮ್ಯಾನೋಸ್, ಗ್ಯಾಲಕ್ಟೋಸ್ ಜಾತಿಯವು. (ಒಂದು ಇಂಜೆಕ್ಷನ್ನಿನಲ್ಲಿ ಇರುವುದು ಮೈಕ್ರೋಗ್ರಾಂ ಲೆಕ್ಕ, ಸಕ್ಕರೆ ಕಾಯಿಲೆಯವರು ಹೆದರಬೇಕಿಲ್ಲ.) ಸರದ ತುದಿಗಳನ್ನು ಸಿಯಾಲಿಕ್ ಆಮ್ಲ ಎಂಬ ಇನ್ನೊಂದು ಬಗೆಯ ಸಕ್ಕರೆ ಮುಚ್ಚಿರಬೇಕು. ಅದು ಕಳಚಿದ್ದರೆ ಯಕೃತ್ತು ಎಪೊವನ್ನು ಹಿಡಿದು ರಕ್ತದಿಂದ ಬೇಗನೆ ತೆಗೆದುಹಾಕುತ್ತದೆ. ಸಾಮಾನ್ಯ ಇ. ಕೊಲೈ ಬ್ಯಾಕ್ಟೀರಿಯಾಕ್ಕೆ ಈ ಸರ ಪೋಣಿಸಲು ಬಾರದು.

ಬರುವುದು ಸಸ್ತನಿಗಳ ಜೀವಕೋಶಕ್ಕೆ. ಅದಕ್ಕೇ ಚೀನೀ ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಅಂಡಾಶಯದಿಂದ 1957ರಲ್ಲಿ ಬೇರ್ಪಡಿಸಿದ ಕೋಶಗಳ ಸಂತತಿಯನ್ನು ಬಳಸುತ್ತಾರೆ. ಮನುಷ್ಯರ ಎಪೊ ಜೀನ್ ಸೇರಿಸಿ, ಚೆನ್ನಾಗಿ ಉತ್ಪಾದಿಸುವ ಒಂದೇ ಒಂದು ಕೋಶವನ್ನು ಆರಿಸಿ, ಅದರ ಮರಿಗಳನ್ನು ದ್ರವ ಸಾರಜನಕದಲ್ಲಿ ಕಾಪಿಡುತ್ತಾರೆ. ಬೇಕಾದಾಗ ಒಂದು ಸೀಸೆ ಕರಗಿಸಿ, ಬೆಳೆಸುತ್ತಾ ಬೆಳೆಸುತ್ತಾ ದೊಡ್ಡ ಪಾತ್ರೆಗಳಿಗೆ ಏರಿಸುತ್ತಾರೆ.

ದೊಡ್ಡಪ್ಪನಿಗೆ ಇಲ್ಲಿಂದ ಮುಂದೆ ಸಲೀಸಾಗಿ ಅರ್ಥವಾಯಿತು, ಯಾಕೆಂದರೆ ಎಲ್ಲವೂ ಹದದ ಮಾತು. ಶಾಖ 37 ಡಿಗ್ರಿ ಆಸುಪಾಸು ಇರಬೇಕು. ಆಮ್ಲಜನಕ ಬೇಕು. ಗ್ಲೂಕೋಸ್ ಕಡಿಮೆಯಾದರೆ ಕೋಶಕ್ಕೆ ಹಸಿವು, ಅತಿಯಾದರೆ ಲ್ಯಾಕ್ಟಿಕ್ ಆಮ್ಲ ಹೆಚ್ಚಿ ಪಾತ್ರೆ ಹುಳಿಯಾಗುತ್ತದೆ. ಬೆಳವಣಿಗೆಯೂ ಹೋಯಿತು, ಸಕ್ಕರೆ ಸರವೂ ಕೆಟ್ಟಿತು. "ಪಾಕ ಕೆಟ್ಟಂಗೆ" ಎಂದರು. ಕೋಶಗಳು ಎಪೊವನ್ನು ಹೊರಗಿನ ದ್ರವಕ್ಕೇ ಬಿಡುತ್ತವೆ. ಅದನ್ನು ಸೋಸಿ, ಹಲವು ಹಂತಗಳಲ್ಲಿ ಶುದ್ಧಮಾಡಿ ಸೀಸೆಗೆ ತುಂಬುತ್ತಾರೆ.

ಈಗ ಅಂಗಡಿಯಿಂದ ಎಪೊ ತರುವಾಗ ದೊಡ್ಡಪ್ಪ ಐಸ್ ಕೇಳಿ ಪಡೆಯುತ್ತಾರೆ. ಮನೆಯಲ್ಲಿ ಫ್ರೀಜರಿನಲ್ಲಿ ಇಡಲು ಬಿಡುವುದಿಲ್ಲ. ಹೆಪ್ಪುಗಟ್ಟಿದರೆ ಪ್ರೋಟೀನು ಕೆಡುತ್ತದೆಂದು ದೊಡ್ಡಮ್ಮನಿಗೂ ಹೇಳಿ, ಹಾಲಿನ ಪ್ಯಾಕೆಟ್ ಪಕ್ಕದಲ್ಲಿ ಜಾಗ ಮಾಡಿಸಿದ್ದಾರೆ.