ರೂಟಿಂಗ್ ಇತಿಹಾಸದ ದೃಶ್ಯೀಕರಣ

ಅಂತರಜಾಲದ ಒಂದು ವಿಳಾಸಗುಚ್ಛವನ್ನು ತಲುಪುವ ದಾರಿಗಳು ಒಂದು ಅವಧಿಯಲ್ಲಿ ಹೇಗೆ ಹುಟ್ಟಿದವು, ಹೇಗೆ ಬದಲಾದವು, ಯಾವಾಗ ಇಲ್ಲವಾದವು ಎಂಬುದನ್ನು ಆಗಲೇ ಸಂಗ್ರಹಿಸಿಟ್ಟ ದಾಖಲೆಗಳಿಂದ ಚಿತ್ರವಾಗಿ ಕಟ್ಟಿಕೊಡುವ ಕೆಲಸವನ್ನು ರೂಟಿಂಗ್ ಇತಿಹಾಸದ ದೃಶ್ಯೀಕರಣ ಎನ್ನುತ್ತಾರೆ. ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಯ ಪ್ರಬಂಧಕ್ಕೆ ಇದು ಚೆನ್ನಾಗಿ ಒಗ್ಗುವ ವಿಷಯ. ಬೇಕಾದ ದತ್ತಾಂಶವನ್ನು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. ಕಷ್ಟವಿರುವುದು ಅದರಲ್ಲಿ ಏನನ್ನು ತೋರಿಸಬೇಕು ಎಂದು ತೀರ್ಮಾನಿಸುವುದರಲ್ಲಿ.

ಅಂತರಜಾಲವು ಒಂದೇ ಜಾಲವಲ್ಲ. ಸೇವಾ ಕಂಪನಿಗಳು, ವಿಶ್ವವಿದ್ಯಾಲಯಗಳು, ಬ್ಯಾಂಕುಗಳು ತಾವೇ ನಡೆಸಿಕೊಳ್ಳುವ ಸಾವಿರಾರು ಸ್ವಾಯತ್ತ ಜಾಲಗಳು ಸೇರಿ ಅದು ಆಗಿದೆ. ಅಂಥ ಪ್ರತಿಯೊಂದು ಜಾಲಕ್ಕೂ ಎಎಸ್ ಸಂಖ್ಯೆ ಎಂಬ ಗುರುತು ಇರುತ್ತದೆ. ಈ ಜಾಲಗಳು ‘ಇಂಥ ವಿಳಾಸಗಳಿಗೆ ನನ್ನ ಮೂಲಕ ದಾರಿಯಿದೆ’ ಎಂದು ಒಂದಕ್ಕೊಂದು ಸಾರಿಕೊಳ್ಳಲು ಬಳಸುವ ನಿಯಮಾವಳಿಯೇ ಬಾರ್ಡರ್ ಗೇಟ್‌ವೇ ಪ್ರೊಟೊಕಾಲ್, ಅಂದರೆ ಬಿಜಿಪಿ. ಇದರ ಮೊದಲ ಆವೃತ್ತಿ 1989ರಲ್ಲಿ ಪ್ರಕಟವಾಯಿತು. ಹೀಗೆ ಸಾರುವ ವಿಳಾಸಗುಚ್ಛಕ್ಕೆ ಪ್ರಿಫಿಕ್ಸ್ ಎಂದು ಹೆಸರು. ಸಾರಿಕೆಯು ಒಂದು ಜಾಲದಿಂದ ಇನ್ನೊಂದಕ್ಕೆ ದಾಟುವಾಗ ಪ್ರತಿ ಜಾಲವೂ ತನ್ನ ಸಂಖ್ಯೆಯನ್ನು ಅದಕ್ಕೆ ಸೇರಿಸುವುದರಿಂದ, ಕೊನೆಯಲ್ಲಿ ಅದನ್ನು ಕೇಳಿಸಿಕೊಂಡವರಿಗೆ ಇಡೀ ದಾರಿಯ ಪಟ್ಟಿ ಸಿಗುತ್ತದೆ.

ಆದರೆ ಬಿಜಿಪಿಗೆ ನೆನಪಿಲ್ಲ. ರೂಟರ್ ಇಟ್ಟುಕೊಳ್ಳುವುದು ಈ ಕ್ಷಣದ ದಾರಿಗಳನ್ನು ಮಾತ್ರ. ಹೊಸ ಸಾರಿಕೆ ಬಂದೊಡನೆ ಅದೇ ನೆರೆಜಾಲದ ಹಳೆಯ ಸಾರಿಕೆ ಅಳಿಯುತ್ತದೆ. ನಮಗೆ ಇತಿಹಾಸವೊಂದು ಉಳಿದಿದ್ದರೆ ಅದಕ್ಕೆ ಕಾರಣ, ಈ ಸಂಭಾಷಣೆಯನ್ನು ಸುಮ್ಮನೆ ಕೇಳಿಸಿಕೊಂಡು ಬರೆದಿಡುವ ಸಂಗ್ರಾಹಕ ಯಂತ್ರಗಳು. ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ರೂಟ್‌ವ್ಯೂಸ್ ಯೋಜನೆ, ಯುರೋಪಿನ ರೈಪ್ ಎನ್‌ಸಿಸಿ ಸಂಸ್ಥೆ 1999ರಲ್ಲಿ ಆರಂಭಿಸಿದ ಆರ್‌ಐಎಸ್, ಇವೆರಡೇ ಈ ಕ್ಷೇತ್ರದ ಮುಖ್ಯ ಭಂಡಾರಗಳು. ಎರಡರಲ್ಲಿಯೂ ಎರಡು ಬಗೆಯ ಕಡತಗಳಿವೆ. ಒಂದು, ಕೆಲವು ಗಂಟೆಗಳಿಗೊಮ್ಮೆ ತೆಗೆದ ಪೂರ್ಣ ಕೋಷ್ಟಕ. ಇನ್ನೊಂದು, ನಡುವೆ ಬಂದ ಬದಲಾವಣೆಗಳ ದಿನಚರಿ. ರೂಟ್‌ವ್ಯೂಸ್ ಈ ದಿನಚರಿಯನ್ನು 15 ನಿಮಿಷಕ್ಕೊಮ್ಮೆಯೂ ಆರ್‌ಐಎಸ್ 5 ನಿಮಿಷಕ್ಕೊಮ್ಮೆಯೂ ಕಡತವಾಗಿ ಕೂಡಿಡುತ್ತವೆ. ಕೋಷ್ಟಕದಿಂದ ಆರಂಭಿಸಿ ಬದಲಾವಣೆಗಳನ್ನು ಒಂದೊಂದಾಗಿ ಅನ್ವಯಿಸುತ್ತ ಹೋದರೆ, ಹಿಂದಿನ ಯಾವುದೇ ಗಳಿಗೆಯಲ್ಲಿ ಆ ಸಂಗ್ರಾಹಕಕ್ಕೆ ಕಂಡಿದ್ದ ದಾರಿಗಳನ್ನು ಮರಳಿ ಕಟ್ಟಬಹುದು.

ಕಟ್ಟಿದ್ದನ್ನು ಬಿಡಿಸುವುದು ಹೇಗೆ? ಜಾಲಗಳನ್ನು ಬಿಂದುಗಳಾಗಿಯೂ ಸಂಪರ್ಕಗಳನ್ನು ಗೆರೆಗಳಾಗಿಯೂ ಎಳೆಯುವುದು ಎಲ್ಲರಿಗೂ ಹೊಳೆಯುವ ಉಪಾಯ. ಇಡೀ ಅಂತರಜಾಲವನ್ನು ಹಾಗೆ ಎಳೆದ ಚಿತ್ರಗಳಿವೆ; ಬ್ಯಾರೆಟ್ ಲಯನ್ 2003ರಲ್ಲಿ ಆರಂಭಿಸಿದ ಆಪ್ಟೆ ಯೋಜನೆಯ ಚಿತ್ರ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯದವರೆಗೂ ಹೋಗಿದೆ. ಅವು ಕಣ್ಣಿಗೆ ಹಬ್ಬವೇ ಹೌದು, ಆದರೆ ‘ನಿನ್ನೆ ಮಧ್ಯಾಹ್ನ ಈ ಪ್ರಿಫಿಕ್ಸ್‌ಗೆ ಏನಾಯಿತು’ ಎಂಬ ಪ್ರಶ್ನೆಗೆ ಅವುಗಳಿಂದ ಉತ್ತರ ಸಿಗುವುದಿಲ್ಲ. ರೋಮ್‌ನ ರೋಮಾ ತ್ರೆ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ, 2005ರ ಲೇಖನವೊಂದರಲ್ಲಿ ವಿವರವಾಗಿ ವರ್ಣಿಸಿದ ಬಿಜಿಪ್ಲೇ ಎಂಬ ಸಾಧನ ಹಿಡಿದ ದಾರಿ ಇದಕ್ಕೆ ವಿರುದ್ಧವಾದುದು. ಅದರಲ್ಲಿ ಬಳಕೆದಾರರು ಒಂದೇ ಪ್ರಿಫಿಕ್ಸನ್ನೂ ಒಂದು ಕಾಲಾವಧಿಯನ್ನೂ ಆರಿಸಿಕೊಳ್ಳುತ್ತಾರೆ. ಆ ಪ್ರಿಫಿಕ್ಸನ್ನು ಸಾರುವ ಜಾಲಕ್ಕೆ ಬೇರೆ ಬೇರೆ ಕಡೆಗಳಿಂದ ಬರುವ ದಾರಿಗಳು ಬಣ್ಣದ ಗೆರೆಗಳಾಗಿ ಕಾಣುತ್ತವೆ. ಅವಧಿಯುದ್ದಕ್ಕೂ ಬದಲಾಗದ ದಾರಿಗಳು ತುಂಡು ಗೆರೆಗಳಾಗಿ ಹಿಂದೆ ಸರಿಯುತ್ತವೆ. ಬದಲಾಗುವ ಗೆರೆಗಳು ಮಾತ್ರ ನೋಡುತ್ತಿದ್ದಂತೆಯೇ ಚಲಿಸುತ್ತವೆ. ಬಿಂದುಗಳು ಸ್ಥಳ ಬದಲಿಸುತ್ತಲೇ ಇದ್ದರೆ ನೋಡುಗರ ಮನಸ್ಸಿನಲ್ಲಿ ಮೂಡಿದ ನಕ್ಷೆ ಪ್ರತಿ ಹೆಜ್ಜೆಗೂ ಮುರಿಯುತ್ತದೆ. ಆದ್ದರಿಂದ ಯಾವುದು ಅಲುಗಬಾರದು ಎಂಬ ನಿರ್ಧಾರವೇ ಇಂಥ ಪ್ರಬಂಧದ ನಿಜವಾದ ಕೊಡುಗೆಯಾಗುತ್ತದೆ ಎಂದು ನನ್ನ ಎಣಿಕೆ. ಬಿಜಿಪ್ಲೇಯ ಮರುರೂಪ ಇಂದಿಗೂ ರೈಪ್ ಎನ್‌ಸಿಸಿಯ ರೈಪ್‌ಸ್ಟಾಟ್ ಸೇವೆಯಲ್ಲಿ ಲಭ್ಯವಿದೆ.

ಇದರ ಉಪಯೋಗವನ್ನು ತೋರಿಸಿದ ಪ್ರಸಿದ್ಧ ಪ್ರಕರಣ 2008ರ ಫೆಬ್ರುವರಿ 24ರದು. ಯೂಟ್ಯೂಬನ್ನು ತಡೆಯಬೇಕೆಂಬ ಸರ್ಕಾರದ ಆದೇಶವನ್ನು ಪಾಲಿಸಲು ಹೊರಟ ಪಾಕಿಸ್ತಾನ್ ಟೆಲಿಕಾಂ (ಎಎಸ್ 17557), ಜಾಗತಿಕ ಕಾಲಮಾನ 18:47ಕ್ಕೆ 208.65.153.0/24 ಎಂಬ, 256 ವಿಳಾಸಗಳ ಪ್ರಿಫಿಕ್ಸನ್ನು ತನ್ನದೆಂಬಂತೆ ಸಾರಿತು. ದೇಶದೊಳಗೇ ಉಳಿಯಬೇಕಿದ್ದ ಈ ಸಾರಿಕೆಯನ್ನು ಅದರ ಮೇಲಿನ ಸೇವಾದಾರ ಪಿಸಿಸಿಡಬ್ಲ್ಯು ಗ್ಲೋಬಲ್ ಪರೀಕ್ಷಿಸದೆ ಜಗತ್ತಿಗೆ ದಾಟಿಸಿತು. ಯೂಟ್ಯೂಬ್ (ಎಎಸ್ 36561) ಅದುವರೆಗೆ ಸಾರುತ್ತಿದ್ದುದು 208.65.152.0/22 ಎಂಬ, 1,024 ವಿಳಾಸಗಳ ದೊಡ್ಡ ಗುಚ್ಛವನ್ನು. ಊರಿನ ಹೆಸರಷ್ಟೇ ಇರುವ ಫಲಕಕ್ಕಿಂತ ಬೀದಿಯ ಹೆಸರನ್ನೂ ಹೇಳುವ ಫಲಕವನ್ನು ದಾರಿಹೋಕರು ನಂಬುವಂತೆ, ರೂಟರುಗಳು ಯಾವಾಗಲೂ ಹೆಚ್ಚು ನಿರ್ದಿಷ್ಟವಾದ, ಅಂದರೆ ಹೆಚ್ಚು ಕಿರಿದಾದ, ಪ್ರಿಫಿಕ್ಸನ್ನೇ ಆರಿಸಿಕೊಳ್ಳುವುದರಿಂದ, ಲೋಕದ ಯೂಟ್ಯೂಬ್ ಸಂಚಾರ ಪಾಕಿಸ್ತಾನದತ್ತ ತಿರುಗಿತು. 20:07ಕ್ಕೆ ಯೂಟ್ಯೂಬ್ ತಾನೂ ಅದೇ /24 ಸಾರಿತು. 20:18ಕ್ಕೆ ಇನ್ನೂ ಕಿರಿದಾದ ಎರಡು /25 ಸಾರಿತು. 21:01ಕ್ಕೆ ಪಿಸಿಸಿಡಬ್ಲ್ಯು ತಪ್ಪು ದಾರಿಗಳನ್ನು ಹಿಂತೆಗೆಯಿತು. ರೈಪ್ ಎನ್‌ಸಿಸಿ ಈ ಘಟನೆಯನ್ನು ಬಿಜಿಪ್ಲೇ ಚಿತ್ರಗಳೊಂದಿಗೆ ವಿವರಿಸಿತು. ಮೊದಲು ಎಲ್ಲ ಗೆರೆಗಳೂ 17557ರಲ್ಲಿ ಕೂಡುವುದನ್ನು, ಬಳಿಕ ಗೆರೆಗಳು ಎರಡು ಗುಂಪಾಗಿ ಒಡೆಯುವುದನ್ನು, ಕೊನೆಗೆ 36561ರತ್ತ ಮರಳುವುದನ್ನು ಆ ಚಿತ್ರಗಳಲ್ಲಿ ನೋಡಿದವರಿಗೆ, ಸಾವಿರಾರು ಸಾಲುಗಳ ದಿನಚರಿ ಕಡತವನ್ನು ಓದುವ ಅಗತ್ಯ ಉಳಿಯಲಿಲ್ಲ.

ಅದೇ ಹೊತ್ತಿಗೆ, ಚಿತ್ರವು ನಡೆದದ್ದನ್ನು ಹೇಳುತ್ತದೆಯೇ ಹೊರತು ಕಾರಣವನ್ನಲ್ಲ. ಸರ್ಕಾರದ ಆದೇಶ ಆ ಗೆರೆಗಳಲ್ಲಿ ಎಲ್ಲಿಯೂ ಇಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಕಾಣೆಯಾದಾಗಲೂ, ತಾಣದ ಹೆಸರನ್ನು ಸಂಖ್ಯಾ ವಿಳಾಸವಾಗಿ ಬದಲಿಸಿಕೊಡುವ ಅದರ ಡಿಎನ್‌ಎಸ್ ಸರ್ವರುಗಳ ಪ್ರಿಫಿಕ್ಸ್‌ಗಳು ಹಿಂತೆಗೆಯಲ್ಪಟ್ಟದ್ದು ಹೊರಗಿನವರಿಗೆ ಕಂಡಿತ್ತು. ನಿರ್ವಹಣೆಯ ವೇಳೆ ಕೊಟ್ಟ ಆದೇಶವೊಂದು ಒಳಗಿನ ಬೆನ್ನೆಲುಬು ಜಾಲವನ್ನೇ ಕಡಿದಿತ್ತೆಂಬುದು ಕಂಪನಿ ಹೇಳಿದ ಮೇಲಷ್ಟೇ ತಿಳಿಯಿತು. ಹೊಸಬರು ಮೋಸಹೋಗುವ ಇನ್ನೊಂದು ಸಂಗತಿಯೂ ಇದೆ. ಒಂದು ಪ್ರಿಫಿಕ್ಸ್ ಇಲ್ಲವಾದಾಗ ರೂಟರುಗಳು ಒಮ್ಮೆಗೇ ಕೈಬಿಡದೆ, ತಮಗೆ ತಿಳಿದಿರುವ ಉದ್ದುದ್ದನೆಯ ಬದಲಿ ದಾರಿಗಳನ್ನು ಒಂದಾದಮೇಲೊಂದು ಪ್ರಯತ್ನಿಸುತ್ತವೆ. ಚಿತ್ರದಲ್ಲಿ ಇದು ಹತ್ತಾರು ಬೇರೆ ಬೇರೆ ಘಟನೆಗಳಂತೆ ಕಾಣುತ್ತದೆ, ಆದರೆ ಕಡಿದದ್ದು ಒಂದೇ ಕೊಂಡಿ.

ಎಲ್ಲಕ್ಕಿಂತ ಸೂಕ್ಷ್ಮವಾದುದು ನೋಟದ ನೆಲೆಯ ಪ್ರಶ್ನೆ. ಸಂಗ್ರಾಹಕಕ್ಕೆ ಸಾರಿಕೆ ಕಳಿಸಲು ಒಪ್ಪಿದ ಜಾಲಗಳು ಆರಿಸಿಕೊಂಡ ದಾರಿಗಳು ಮಾತ್ರ ದಾಖಲೆಯಲ್ಲಿ ಸೇರುತ್ತವೆ. ಬೆಂಗಳೂರಿನ ಎರಡು ಸಣ್ಣ ಸೇವಾದಾರರು, ಭಾರತದ ರಾಷ್ಟ್ರೀಯ ಅಂತರಜಾಲ ವಿನಿಮಯ ಸಂಸ್ಥೆಯಾದ ನಿಕ್ಸಿಯ ವಿನಿಮಯ ಕೇಂದ್ರದಲ್ಲಿ ನೇರವಾಗಿ ಸಂಚಾರ ಬದಲಿಸಿಕೊಳ್ಳುತ್ತಿದ್ದು, ಅವರಾಗಲಿ ಅವರ ಗ್ರಾಹಕ ಜಾಲಗಳಾಗಲಿ ಯಾವ ಸಂಗ್ರಾಹಕಕ್ಕೂ ಸಾರಿಕೆ ಕಳಿಸದಿದ್ದರೆ, ಆ ಕೊಂಡಿ ಸಾಮಾನ್ಯವಾಗಿ ಈ ಇತಿಹಾಸದಲ್ಲಿ ಕಾಣುವುದೇ ಇಲ್ಲ. ಸಂಗ್ರಾಹಕದೊಡನೆ ಜಾಲವೊಂದರ ಸಂಪರ್ಕ ಕಡಿದರೆ ಅದು ತೋರಿಸುತ್ತಿದ್ದ ದಾರಿಗಳೆಲ್ಲ ಅಳಿದಂತೆ ಕಾಣುತ್ತವೆ, ಅವು ವಾಸ್ತವದಲ್ಲಿ ಹಾಗೆಯೇ ಇದ್ದರೂ. ಹಲವು ವರ್ಷಗಳನ್ನು ಹೋಲಿಸುವ ಪ್ರಬಂಧಕ್ಕೆ ಇದು ಇನ್ನೂ ತೊಡಕು: ಕಾಲ ಕಳೆದಂತೆ ಕೇಳಿಸಿಕೊಳ್ಳುವ ಕಿವಿಗಳೂ ಹೆಚ್ಚಿರುವುದರಿಂದ, ಚಿತ್ರದಲ್ಲಿ ಕಾಣುವ ಬೆಳವಣಿಗೆಯಲ್ಲಿ ಅಂತರಜಾಲದ ಪಾಲೆಷ್ಟು, ಸಂಗ್ರಹದ ಪಾಲೆಷ್ಟು ಎಂಬುದನ್ನು ಬಿಡಿಸಬೇಕಾಗುತ್ತದೆ. ಅದಕ್ಕಾಗಿ ಅವಧಿಯುದ್ದಕ್ಕೂ ತಪ್ಪದೆ ಸಾರಿಕೆ ಕಳಿಸಿದ ಜಾಲಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯಬಹುದು, ಇಲ್ಲವೇ ‘ದಾರಿ ಇರಲಿಲ್ಲ’ ಮತ್ತು ‘ದಾರಿ ಕಾಣಲಿಲ್ಲ’ ಎಂಬ ಎರಡು ಸ್ಥಿತಿಗಳನ್ನು ಬೇರೆ ಬೇರೆ ಗುರುತುಗಳಿಂದ ಎಳೆಯಬಹುದು.